ಲೆಜಾಂದ್ಲಿಯ ಗುಡ್ಡಕ್ಕೆ ಅಮ್ಮನನ್ನು ಕರೆದುಕೊಂಡು ಹೋದದ್ದು

ಸೇನ್ ನದಿಯಲ್ಲಿ ಪ್ಯಾರಿಸ್‌ನಿಂದ ರುವಾಂ ಕಡೆ ಹೋಗುವಾಗ ನಮ್ಮ ಹಡಗು ಲೆಜಾಂದ್ಲಿ ಎಂಬ ಪುಟ್ಟ ಊರಲ್ಲಿ ಅರ್ಧ ದಿನ ನಿಂತಿತ್ತು. ಹಡಗಿನಿಂದ ಇಳಿದರೆ ಎದುರಿಗೇ ಊರು. ಮೇಲೆ ಬಿಳಿ ಸುಣ್ಣಕಲ್ಲಿನ ಗುಡ್ಡ, ಅದರ ಮೇಲೆ ಶಾತೋ ಗಯಾರ್ ಕೋಟೆ.

"ನನ್ನ ಮಂಡಿಗೆ ಇದೆಲ್ಲ ಆಗಲ್ಲ ಕಣೋ, ನೀನು ಹೋಗಿ ಬಾ" ಅಂದಳು ಅಮ್ಮ.

ನನಗೆ ಮನಸ್ಸು ಒಪ್ಪಲಿಲ್ಲ. ಊರಿನಿಂದ ಹತ್ತುವ ಕಾಲುದಾರಿ ಕಡಿದು, ನಿಜ. ಆದರೆ ಕೋಟೆಯ ಹಿಂಬದಿಯ ಎತ್ತರಕ್ಕೆ ಕಾರು ಹೋಗುವ ರಸ್ತೆ ಇದೆ. ಹಿಂದಿನ ರಾತ್ರಿಯೇ ಹಡಗಿನವರಿಗೆ ಹೇಳಿ ಟ್ಯಾಕ್ಸಿ ಗೊತ್ತು ಮಾಡಿಸಿದ್ದೆ. ಚಿಕ್ಕ ಊರುಗಳಲ್ಲಿ ದಾರಿಯಲ್ಲಿ ನಿಂತು ಕೈ ತೋರಿಸಿದರೆ ಟ್ಯಾಕ್ಸಿ ಸಿಗಲ್ಲ.

ಮೇಲೆ ಇಳಿದಾಗ ಕೋಟೆ ನಮಗಿಂತ ಕೆಳಗಿತ್ತು, ಅದರಾಚೆ ನದಿ. ಸೇನ್ ಇಲ್ಲಿ ದೊಡ್ಡದಾಗಿ ಬಳಸಿಕೊಂಡು ಹರಿಯುತ್ತದೆ. ಬರುವ ದೋಣಿ ಎಷ್ಟೋ ದೂರದಿಂದಲೇ ಕಾಣುತ್ತದೆ. ಇಂಗ್ಲೆಂಡಿನ ರಾಜ ರಿಚರ್ಡ್ ಆಗ ಈ ನಾರ್ಮಂಡಿ ಸೀಮೆಗೂ ಒಡೆಯ. ಫ್ರಾನ್ಸಿನ ರಾಜ ಫಿಲಿಪ್ ರುವಾಂಗೆ ಬರದಂತೆ ತಡೆಯಲು 1196ರಲ್ಲಿ ರಿಚರ್ಡ್ ಈ ಕೋಟೆ ಕಟ್ಟಲು ಶುರುಮಾಡಿದ. ಎರಡೇ ವರ್ಷದಲ್ಲಿ ಮುಗಿಯಿತು. 1199ರಲ್ಲಿ ರಿಚರ್ಡ್ ಸತ್ತ. 1204ರ ಮಾರ್ಚ್‌ನಲ್ಲಿ ಕೋಟೆ ಮುತ್ತಿಗೆಯಲ್ಲಿ ಫಿಲಿಪ್‌ನ ಕೈಗೆ ಬಿತ್ತು, ಜೂನ್‌ನಲ್ಲಿ ರುವಾಂ ಕೂಡ.

ಮುತ್ತಿಗೆಯ ಕತೆಯನ್ನು ಅಮ್ಮನಿಗೆ ಅಲ್ಲೇ ಹುಲ್ಲಿನ ಮೇಲೆ ಕೂತು ಹೇಳಿದೆ. ಕೆಳಗಿನ ಊರಿನವರು ಜೀವ ಉಳಿಸಿಕೊಳ್ಳಲು ಕೋಟೆಯೊಳಗೆ ಬಂದಿದ್ದರು. ಒಳಗೆ ದವಸ ಸಾಲದು ಅಂತ ಅವರನ್ನು ಹೊರಗೆ ಕಳಿಸಿದರು. ಮೊದಲು ಬಂದವರಿಗೆ ಫ್ರೆಂಚ್ ಸೈನ್ಯ ದಾರಿ ಬಿಟ್ಟಿತು. ಆಮೇಲೆ ಬಂದವರಿಗೆ ಬಿಡಲಿಲ್ಲ. ಕೋಟೆಯ ಬಾಗಿಲೂ ತೆರೆಯಲಿಲ್ಲ. ಆ ಚಳಿಗಾಲ ಈ ಇಳಿಜಾರಿನಲ್ಲೇ ಹಸಿದು ಎಷ್ಟೋ ಜನ ಸತ್ತರು.

"ಮಕ್ಕಳೂ ಇದ್ರಾ?"

"ಇದ್ರು ಅಮ್ಮ."

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ನಾನು ತಪ್ಪಿದ್ದು ಇಲ್ಲಿ. ಇಳಿಯೋದು ಸುಲಭ ಅಂದುಕೊಂಡು ಟ್ಯಾಕ್ಸಿ ವಾಪಸ್ ಕಳಿಸಿಬಿಟ್ಟಿದ್ದೆ. ಮಂಡಿ ನೋವಿದ್ದವರಿಗೆ ಹತ್ತೋದಕ್ಕಿಂತ ಇಳಿಯೋದೇ ಜಾಸ್ತಿ ಕಷ್ಟ. ರಾತ್ರಿ ಮಳೆ ಬಂದಿತ್ತು. ಸುಣ್ಣಕಲ್ಲಿನ ದಾರಿ ಸೋಪು ಹಚ್ಚಿದ ಹಾಗೆ ಜಾರುತ್ತಿತ್ತು. ಅಮ್ಮ ನನ್ನ ಭುಜ ಹಿಡಿದು ಒಂದೊಂದೇ ಹೆಜ್ಜೆ ಇಟ್ಟಳು. ನಾಲ್ಕು ಕಡೆ ಕೂತೆವು. ವಯಸ್ಸಾದವರ ಜೊತೆ ಹೋಗುವುದಾದರೆ ವಾಪಸ್ ಬರಲೂ ಗಾಡಿ ಹೇಳಿಡಿ. ಹಿಡಿತ ಇರುವ ಶೂ ಹಾಕಿಸಿ. ಹಡಗು ಹೊರಡುವ ಹೊತ್ತು ಬರೆದಿರುವ ಬೋರ್ಡಿನ ಫೋಟೋ ತೆಗೆದಿಟ್ಟುಕೊಳ್ಳಿ.

ಕೆಳಗೆ ಬಂದಾಗ ಹಸಿವು. ಬೇಕರಿಗೆ ಕಾಲಿಟ್ಟ ಕೂಡಲೇ "ಬೋಂಜೂರ್" ಅನ್ನಬೇಕು, ಅಲ್ಲಿ ಅದು ಮರ್ಯಾದೆ. ಸಸ್ಯಾಹಾರಿಗಳು "ಸಾಂ ವಿಯಾಂದ್", ಅಂದರೆ ಮಾಂಸ ಬೇಡ, ಅಂದರಷ್ಟೇ ಸಾಲದು. "ಸಾಂ ಜಾಂಬೋಂ" ಅಂತಲೂ ಹೇಳಿ. ಜಾಂಬೋಂ ಅಂದರೆ ಹಂದಿಮಾಂಸದ ತೆಳು ಹಾಳೆ, ಸ್ಯಾಂಡ್‌ವಿಚ್ ಒಳಗೆ ಕಾಣದ ಹಾಗೆ ಇರುತ್ತದೆ. ನಾವು ಸೇಬಿನ ಟಾರ್ಟ್ ತಗೊಂಡೆವು. ನಾರ್ಮಂಡಿ ಸೇಬಿನ ಸೀಮೆ, ರುಚಿ ನಾಲಿಗೆ ಮೇಲೇ ಇದೆ.

ಹಡಗು ಹೊರಡಲು 20 ನಿಮಿಷ ಇರುವಾಗ ಹತ್ತಿದೆವು. ಅಮ್ಮ ಕ್ಯಾಬಿನ್‌ಗೆ ಹೋಗಲಿಲ್ಲ. ಡೆಕ್ ಮೇಲೆ ಕಾಲು ಚಾಚಿ ಕೂತು, ನದಿ ತಿರುಗುವವರೆಗೂ ಆ ಇಳಿಜಾರನ್ನೇ ನೋಡುತ್ತಿದ್ದಳು.