ಆಂಪ್ ಗುಂಯ್‌ಗುಡುವುದನ್ನು ನಿಲ್ಲಿಸಲು ಅರ್ಥಿಂಗ್ ಗುಂಡಿ ತೋಡಿಸಿದೆ: ನನ್ನ ಅನುಭವ

ಸೌಂಡ್ ಚೆನ್ನಾಗಿ ಬರಬೇಕು, ಅದಕ್ಕೆ ಹಿತ್ತಲಲ್ಲಿ ಗುಂಡಿ ತೋಡಿಸುತ್ತೇನೆ ಅಂದಾಗ ನಮ್ಮ ಆಡಿಯೋ ಹುಚ್ಚಿನ ಗುಂಪಿನಲ್ಲಿ ಒಬ್ಬರೂ ಒಪ್ಪಲಿಲ್ಲ. ಬೆಂಗಳೂರಿನ ಗೆಳೆಯರೊಬ್ಬರಿದ್ದಾರೆ, ಈ ಹುಚ್ಚಿನಲ್ಲಿ ನನಗಿಂತ ಹತ್ತು ವರ್ಷ ಹಿರಿಯರು. "ಅದೆಲ್ಲ ಬಿಡಿ ಸಾರ್, ಒಳ್ಳೆ ಪವರ್ ಕಾರ್ಡ್ ಹಾಕಿ, ಕನ್ನಡಿ ಒರೆಸಿದ ಹಾಗೆ ಆಗತ್ತೆ" ಅಂದರು. ನಮ್ಮ ಎಲೆಕ್ಟ್ರಿಷಿಯನ್ ಕೂಡ "ಮನೇಲಿ ಲೈಟ್ ಉರೀತಿದೆ, ಫ್ಯಾನ್ ತಿರುಗ್ತಿದೆ, ಅರ್ಥಿಂಗ್ ಸರಿ ಇದೆ ಅಂತಾನೇ ಅರ್ಥ" ಅಂದ. ಈಗ ಎಂಟು ತಿಂಗಳಾಯಿತು. ವಾಲ್ಯೂಮ್ ಪೂರ್ತಿ ಏರಿಸಿ ಸ್ಪೀಕರ್‌ಗೆ ಕಿವಿ ಒತ್ತಿದರೆ ಸಣ್ಣಗೆ ಸುಯ್ ಅನ್ನುವುದು ಬಿಟ್ಟರೆ ಏನೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಮೈಸೂರಿನಲ್ಲಿ 1990ರ ಆಸುಪಾಸಿನಲ್ಲಿ ಕಟ್ಟಿದ ಮನೆ. ಸಿಸ್ಟಮ್ ದೊಡ್ಡದೇನಲ್ಲ. ರೆಕಾರ್ಡ್ ತಿರುಗಿಸುವ ಬೆಲ್ಟ್ ಡ್ರೈವ್ ಟರ್ನ್‌ಟೇಬಲ್, ಅದರ ಸೂಜಿ ಕೂರುವ ಎಂಎಂ ಕಾರ್ಟ್ರಿಜ್, ಆ ಸಣ್ಣ ಸಿಗ್ನಲ್ ಹಿಗ್ಗಿಸಲು ಬೇರೆ ಫೋನೋ ಸ್ಟೇಜ್, ಟೊರಾಯ್ಡ್ (ಬಳೆಯಾಕಾರದ ಟ್ರಾನ್ಸ್‌ಫಾರ್ಮರ್) ಇರುವ 80 ವ್ಯಾಟಿನ ಇಂಟಿಗ್ರೇಟೆಡ್ ಆಂಪ್ಲಿಫೈಯರ್, ಅಂದರೆ ಆಂಪ್, ಒಂದು ಜೊತೆ ಫ್ಲೋರ್‌ಸ್ಟ್ಯಾಂಡರ್ ಸ್ಪೀಕರ್. ಟಿವಿಯೂ ಡ್ಯಾಕ್ (ಡಿಜಿಟಲ್ ಸಿಗ್ನಲನ್ನು ಅನಲಾಗ್ ಮಾಡುವ ಪೆಟ್ಟಿಗೆ) ಮೂಲಕ ಅದೇ ಆಂಪಿಗೆ ಬರುತ್ತದೆ.

ಹಮ್, ಅಂದರೆ ಸ್ಪೀಕರಿನಲ್ಲಿ ಗುಂಯ್ ಅನ್ನುವ ಸದ್ದು, ಮೊದಲಿನಿಂದಲೂ ಇತ್ತು. ಮೂರು ವರ್ಷ ಅದನ್ನು ಸಹಿಸಿಕೊಂಡಿದ್ದೆ. ಸಹಿಸಲಾಗದ ಹಾಗೆ ಮಾಡಿದ್ದು ಒಂದು ಹಿಂದೂಸ್ತಾನಿ ಎಲ್‌ಪಿ. ಗಾಯಕರ ಸಾ ಕಪ್ಪು ಒಂದು, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆ. ಶುರುವಿನಲ್ಲಿ ಬರೀ ತಂಬೂರಿ ಇರುವಾಗ, ಪಂಚಮದ ತಂತಿ ಮೀಟಿದಾಗಲೆಲ್ಲ ವ್ಹ-ವ್ಹ-ವ್ಹ ಅಂತ ಅಲುಗಾಟ. ರೆಕಾರ್ಡೇ ಸರಿ ಇಲ್ಲ ಅಂದುಕೊಂಡು ಇನ್ನೊಂದು ಪ್ರತಿ ತರಿಸಿದೆ, 1,400 ರೂಪಾಯಿ. ಅದರಲ್ಲೂ ಅದೇ. ಆಮೇಲೆ ಲೆಕ್ಕ ಹಾಕಿದೆ. ಆ ಶ್ರುತಿಯಲ್ಲಿ ಮಂದ್ರ ಪಂಚಮ ಸುಮಾರು 104 ಹರ್ಟ್ಸ್. ನಮ್ಮ ಹಮ್ ಹುಟ್ಟುವುದು ಕರೆಂಟಿನ 50 ಹರ್ಟ್ಸ್‌ನಿಂದ, ಅದರ ಎರಡನೇ ಹಾರ್ಮೋನಿಕ್, ಅಂದರೆ ದುಪ್ಪಟ್ಟು, 100. ಸೆಕೆಂಡಿಗೆ ನಾಲ್ಕು ಸಲ ಎರಡೂ ಡಿಕ್ಕಿ ಹೊಡೆಯುತ್ತಿದ್ದವು. ಮೈಸೂರಿನ ಕರೆಂಟು ತಂಬೂರಿಯ ಜೊತೆ ಶ್ರುತಿ ತಪ್ಪಿ ಹಾಡುತ್ತಿತ್ತು. ಇದು ಗೊತ್ತಾದ ದಿನ ನನಗೆ ನಿದ್ದೆ ಬರಲಿಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಪವರ್ ಕಾರ್ಡ್ 18,000. ಹೊರಗಿನ ಬಲೆ ನೋಡಿದರೆ ಹಾವಿನ ಮೈ ಇದ್ದ ಹಾಗೆ, ಹೆಬ್ಬೆರಳಿಗಿಂತ ದಪ್ಪ. ಹಾಕಿದ ರಾತ್ರಿ ಬದಲಾವಣೆ ಕೇಳಿಸಿತು ಅಂತಲೇ ನಂಬಿದೆ. ಗುಂಪಿನಲ್ಲಿ ಹೇಳಿಯೂ ಬಿಟ್ಟೆ. ಒಂದು ವಾರ ಬಿಟ್ಟು ಭಾವಮೈದನನ್ನು ಕೂರಿಸಿಕೊಂಡೆ. ನಾನು ಬೇರೆ ರೂಮಿನಲ್ಲಿರುವಾಗ ಅವನು ಕಾರ್ಡ್ ಬದಲಾಯಿಸಬೇಕು ಇಲ್ಲವೇ ಸುಮ್ನೆ ಬಿಚ್ಚಿ ಮತ್ತೆ ಅದನ್ನೇ ಹಾಕಬೇಕು, ನಾನು ಬಂದು ಯಾವುದು ಅಂತ ಹೇಳಬೇಕು. ಹನ್ನೆರಡು ಸಲ ಮಾಡಿದೆವು. ಸರಿ ಹೇಳಿದ್ದು ಏಳು. ನಾಣ್ಯ ಚಿಮ್ಮಿದ್ದರೂ ಹೆಚ್ಚುಕಮ್ಮಿ ಅಷ್ಟೇ ಬರುತ್ತಿತ್ತು.

ಆಮೇಲೆ ಕರೆಂಟು ಸೋಸುವ ಪವರ್ ಕಂಡೀಷನರ್, ಸೆಕೆಂಡ್ ಹ್ಯಾಂಡ್ 32,000. ಪವರ್‌ಕಟ್ ಆಗಿ ಕರೆಂಟು ಬರುವಾಗಿನ ಟಪ್ ಸದ್ದು ಹೋಯಿತು, ಅದು ನಿಜ. ಹಮ್ ಮಾತ್ರ ಒಂದು ಕೂದಲೂ ಕದಲಲಿಲ್ಲ. ಆಮೇಲೆ ಆಡಿಯೋ ಫ್ಯೂಸ್, ಒಂದಕ್ಕೆ 4,500. ಅದರ ಬಗ್ಗೆ ಬರೆಯಲು ಏನೂ ಇಲ್ಲ. ಕಾರ್ಡು, ಕಂಡೀಷನರ್ ಎರಡನ್ನೂ ಅರ್ಧ ಬೆಲೆಗೆ ಮಾರಿದೆ. ಆ ಎರಡರಲ್ಲೇ ಹತ್ತಿರ ಹತ್ತಿರ 25,000 ಕೈಬಿಟ್ಟಿತು.

ನಡುವೆ ಸರ್ವೋ ಸ್ಟೆಬಿಲೈಜರ್ ಕೂಡ ತಂದಿದ್ದೆ. ಸಂಜೆ ನಮ್ಮ ರಸ್ತೆಯಲ್ಲಿ ವೋಲ್ಟೇಜ್ 205ಕ್ಕೆ ಇಳಿಯುತ್ತದೆ, ರಾತ್ರಿ ಹನ್ನೊಂದರ ಮೇಲೆ 245. ಅದರಿಂದ ಟರ್ನ್‌ಟೇಬಲ್ ಸ್ಪೀಡ್ ಏರುಪೇರಾಗುತ್ತದೆ ಅನ್ನುವುದು ನನ್ನ ಅನುಮಾನ. ತಪ್ಪು. ನನ್ನ ಟೇಬಲ್‌ನಲ್ಲಿರುವುದು ಎಸಿ ಸಿಂಕ್ರೊನಸ್ ಮೋಟರ್. ಅದು ಕೇಳುವುದು ಫ್ರೀಕ್ವೆನ್ಸಿಯ ಮಾತು, ವೋಲ್ಟೇಜಿನದ್ದಲ್ಲ. ಇದನ್ನು ಪರೀಕ್ಷೆ ಮಾಡಲು 180 ಗೆರೆಯ ಸ್ಟ್ರೋಬ್ ಡಿಸ್ಕ್ (ಸ್ಪೀಡ್ ಸರಿ ಇದ್ದರೆ ಗೆರೆಗಳು ನಿಂತಂತೆ ಕಾಣುವ ತಟ್ಟೆ) ಹಾಕಿ ಮನೆಯ ಬಲ್ಬಿನಲ್ಲಿ ನೋಡಿದೆ. ಗೆರೆಗಳು ಕಲ್ಲಿನ ಹಾಗೆ ನಿಂತಿದ್ದವು. ಎರಡು ದಿನ ಬಿಟ್ಟು ಹೊಳೆಯಿತು. ಬಲ್ಬೂ ಮೋಟರೂ ಒಂದೇ ಕರೆಂಟಿನಲ್ಲಿ ಓಡುವಾಗ ಎರಡೂ ಒಟ್ಟಿಗೇ ತಪ್ಪುತ್ತವೆ, ಗೆರೆ ನಿಂತೇ ಇರುತ್ತದೆ. ಮೊಬೈಲ್ ಆ್ಯಪ್‌ನಲ್ಲಿ ಮತ್ತೆ ಅಳೆದೆ. ಸಂಜೆಗೂ ರಾತ್ರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಸ್ಟೆಬಿಲೈಜರ್ ಫ್ರಿಜ್‌ಗೆ ಹೋಯಿತು. ಅದರ ಮೋಟರಿನ ಕುಯ್ ಕುಯ್ ಸದ್ದೂ ಹಾಲಿನಿಂದ ತೊಲಗಿತು.

ಇನ್ನೊಂದು ವಿಷಯ. ಪ್ಲಗ್‌ನ ಅರ್ಥ್ ಪಿನ್ ಕಿತ್ತರೆ ಹಮ್ ಹೋಗುತ್ತದೆ ಅಂತ ಹೇಳಿಕೊಡುವವರು ಇದ್ದಾರೆ. ನಾನೂ ಒಂದು ದಿನ ಮಾಡಿದೆ. ಆಂಪ್ ಮುಟ್ಟಿದಾಗ ಮೊಣಕೈವರೆಗೂ ಜುಮ್ ಅಂದಿತು. ಮನೆಯಲ್ಲಿ ಮಕ್ಕಳಿದ್ದಾರೆ. ದಯವಿಟ್ಟು ಯಾರೂ ಮಾಡಬೇಡಿ.

ಆದರೆ ದಾರಿ ತೋರಿಸಿದ್ದೂ ಆ ಜುಮ್ಮೇ. ಪಿನ್ ಮತ್ತೆ ಹಾಕಿದ ಮೇಲೂ ಆಂಪ್ ಮೈಯಲ್ಲಿ ಸಣ್ಣ ಜುಮು ಜುಮು ಇತ್ತು. ಅರ್ಥ್ ಸರಿ ಇದ್ದರೆ ಇರಬಾರದು, ಅಲ್ವಾ? ಮೀಟರ್ ಹಿಡಿದೆ. ಫೇಸ್-ನ್ಯೂಟ್ರಲ್ 228. ಫೇಸ್-ಅರ್ಥ್ 140 ಚಿಲ್ಲರೆ. ನ್ಯೂಟ್ರಲ್-ಅರ್ಥ್ 90ರ ಹತ್ತಿರ. ಎಲೆಕ್ಟ್ರಿಷಿಯನ್‌ನನ್ನು ಕರೆದು ಹಳೇ 100 ವ್ಯಾಟಿನ ಬಲ್ಬಿನ ಟೆಸ್ಟ್ ಲ್ಯಾಂಪನ್ನು ಫೇಸ್‌ಗೂ ಅರ್ಥ್‌ಗೂ ಕೊಡಿಸಿದೆ. ಬಲ್ಬ್ ಕೆಂಪಗೂ ಆಗಲಿಲ್ಲ. ಅವನ ಮುಖ ಚಿಕ್ಕದಾಯಿತು.

ಹಿತ್ತಲಲ್ಲಿ ಹಳೇ ಗುಂಡಿಯ ಮುಚ್ಚಳ ತೆಗೆದರೆ, ಉಪ್ಪು ತಿಂದು ಪೈಪಿನ ಕ್ಲ್ಯಾಂಪೇ ಇಲ್ಲ. ತಂತಿ ಮಣ್ಣಿನ ಮೇಲೆ ಸುಮ್ಮನೆ ಬಿದ್ದಿತ್ತು. ಎಷ್ಟು ವರ್ಷದಿಂದ ಹಾಗಿತ್ತೋ. ಟಿವಿ, ಸೆಟ್‌ಟಾಪ್ ಬಾಕ್ಸ್, ಕಂಪ್ಯೂಟರ್, ಎಲ್ಲದರ ಎಸ್‌ಎಂಪಿಎಸ್‌ಗಳ (ಒಳಗಿನ ಪವರ್ ಸಪ್ಲೈಗಳ) ಲೀಕೇಜ್ ಭೂಮಿಗೆ ಇಳಿಯಲು ದಾರಿ ಇಲ್ಲದೆ ಸೌಂಡ್ ಸಿಗ್ನಲ್ ಒಯ್ಯುವ ನನ್ನ ಆರ್‌ಸಿಎ ಕೇಬಲ್‌ಗಳ ಶೀಲ್ಡ್ ಮೇಲೆ ಓಡಾಡುತ್ತಿತ್ತು. 18,000ದ ಕಾರ್ಡಿನ ಹಸಿರು ತಂತಿ ಇಷ್ಟು ದಿನ ಎಲ್ಲಿಗೂ ಸೇರಿರಲಿಲ್ಲ.

ಹೊಸ ಗುಂಡಿ ಎಂಟು ಅಡಿ. ನಮ್ಮದು ಕೆಂಪು ಮಣ್ಣು, ಬೇಗ ಒಣಗುತ್ತದೆ. ಆದ್ದರಿಂದ ಬಚ್ಚಲ ನೀರು ಹೋಗುವ ಪಕ್ಕದಲ್ಲೇ ತೋಡಿಸಿದೆ. ಎರಡೂವರೆ ಮೀಟರ್ ಜಿಐ ಪೈಪ್, ಎರಡು ಮೂಟೆ ಇದ್ದಿಲು, ಒಂದು ಮೂಟೆ ಉಪ್ಪು, ಪದರ ಪದರವಾಗಿ. ಮೇಲೆ ಕಾಂಕ್ರೀಟ್ ಚೇಂಬರ್. ಕೂಲಿ, ಸಾಮಾನು ಎಲ್ಲ ಸೇರಿ 7,000 ಒಳಗೇ ಮುಗಿಯಿತು. ಕ್ಲ್ಯಾಂಪ್ ಮತ್ತೆ ಕೊರೆದುಹೋಗದ ಹಾಗೆ ಜಾಯಿಂಟಿಗೆ ನಾನೊಂದು ಉಪಾಯ ಮಾಡಿದ್ದೇನೆ. ಇನ್ನೂ ಎರಡು ಮಳೆಗಾಲ ಕಳೆಯಲಿ, ಆಮೇಲೆ ಹೇಳುತ್ತೇನೆ. ಅರ್ಥ್ ಟೆಸ್ಟರ್ ಬಾಡಿಗೆಗೆ ತಂದು ಅಳೆದಾಗ ಮೂರು ಓಮ್ ಚಿಲ್ಲರೆ ಬಂತು. ಟೆಸ್ಟ್ ಲ್ಯಾಂಪ್ ಈಗ ಜಗ್ಗಂತ ಉರಿಯಿತು. ಅದೇ ದಿನ ಮನೆಗೆಲ್ಲ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್) ಕೂಡ ಹಾಕಿಸಿದೆ.

ಅವತ್ತು ಸಂಜೆ ಹಮ್ ಅರ್ಧಕ್ಕಿಂತ ಜಾಸ್ತಿ ಇಳಿದಿತ್ತು. ಪೂರ್ತಿ ಹೋಗಿರಲಿಲ್ಲ. ನ್ಯೂಟ್ರಲ್-ಅರ್ಥ್ ನಡುವೆ ಇನ್ನೂ ಆರೇಳು ವೋಲ್ಟ್ ತೋರಿಸುತ್ತಿತ್ತು. ಡಿಬಿ, ಅಂದರೆ ಡಿಸ್ಟ್ರಿಬ್ಯೂಷನ್ ಬೋರ್ಡ್ ಬಿಚ್ಚಿದರೆ ನ್ಯೂಟ್ರಲ್ ತಂತಿಗಳೆಲ್ಲ ಸೇರುವ ಲಿಂಕಿನ ಒಂದು ಸ್ಕ್ರೂ ಸಡಿಲ, ಸುತ್ತ ಕಪ್ಪಾಗಿ ಸುಟ್ಟ ಗುರುತು. ಹಿಂದೆ ಯಾರೋ ಕೆಲಸ ಮಾಡಿದವರು ತಂತಿ ತಿರುಚಿ ಟೇಪ್ ಸುತ್ತಿ ಹೋಗಿದ್ದರು. ಲಿಂಕ್ ಬದಲಾಯಿಸಿದ್ದಕ್ಕೆ 400 ರೂಪಾಯಿ. ಅಲ್ಲಿಗೆ ಒಂದೂವರೆ ವೋಲ್ಟಿಗೆ ಬಂತು. ಸಂಗೀತ ಹಾಗಿರಲಿ, ಆ ಸ್ಕ್ರೂ ಒಂದು ದಿನ ಬೆಂಕಿ ಹಚ್ಚುತ್ತಿತ್ತು. ನಿಮ್ಮಲ್ಲೂ ಒಮ್ಮೆ ನೋಡಿಸಿ. ಮೀಟರಿನ ಸೀಲ್ ಕಡೆ ಕೈ ಹಾಕಬೇಡಿ, ಅದಕ್ಕೆ ಲೈನ್‌ಮನ್‌ಗಳೇ ಬರಬೇಕು.

ಮೂರನೆಯ ಕೆಲಸ, ಆಡಿಯೋಗೇ ಬೇರೆ ಲೈನ್. ಡಿಬಿಯಿಂದ ಸೀದಾ ಹಾಲಿಗೆ 4 ಸ್ಕ್ವೇರ್ ಎಂಎಂ ತಾಮ್ರ, 22 ಮೀಟರ್, ಒಂದು ಕಾಯಿಲ್ ಸಾಕಾಯಿತು. 16 ಆಂಪಿಯರ್ ಸಿ ಕರ್ವ್ ಎಂಸಿಬಿ. ನಮ್ಮದು ತ್ರೀ ಫೇಸ್. ಆರ್ ಫೇಸಿನಲ್ಲಿ ಪಂಪು, ವೈ ಫೇಸಿನಲ್ಲಿ ಫ್ರಿಜ್, ಬಿ ಫೇಸಿನಲ್ಲಿ ಆಡಿಯೋ ಒಂದೇ. ಇನ್ವರ್ಟರ್ ಈ ಲೈನಿಗೆ ಬರುವುದಿಲ್ಲ. ನಮ್ಮದು ಹಳೇ ಸ್ಕ್ವೇರ್ ವೇವ್ ಇನ್ವರ್ಟರ್, ಅದರಲ್ಲಿ ಫೋನೋ ಸ್ಟೇಜ್ ಹಾಕಿದರೆ ಕಣಜ ಗೂಡು ಕಟ್ಟಿದ ಹಾಗೆ ಕೇಳುತ್ತದೆ. ಮುಖ್ಯವಾಗಿ ಆಂಪ್, ಫೋನೋ, ಟೇಬಲ್, ಡ್ಯಾಕ್, ಟಿವಿ ಎಲ್ಲವೂ ಒಂದೇ ಬೋರ್ಡಿನಲ್ಲಿ. ಮೊದಲು ಟಿವಿ ಎದುರು ಗೋಡೆಯ ಬೋರ್ಡಿನಿಂದ ಬರುತ್ತಿತ್ತು, ಅರ್ಥ್ ತಂತಿಯೂ ಸಿಗ್ನಲ್ ಕೇಬಲೂ ಸೇರಿ ಆಗುವ ಸುತ್ತು ಮನೆಯನ್ನೇ ಒಂದು ಪ್ರದಕ್ಷಿಣೆ ಹಾಕಿಕೊಂಡು ಬರುತ್ತಿತ್ತು. ಇದಕ್ಕೆಲ್ಲ 11,000 ಆಗಿರಬೇಕು. ಕಾರ್ಡ್ ಮಾತ್ರ ಆಂಪಿನ ಜೊತೆ ಬಾಕ್ಸಿನಲ್ಲಿ ಬಂದದ್ದೇ. ಗೋಡೆಯೊಳಗೆ 22 ಮೀಟರ್ ಓಡಿ ಬಂದ ಕರೆಂಟಿಗೆ ಕೊನೆಯ ಒಂದೂವರೆ ಮೀಟರ್ ಏನು ಕಲಿಸುತ್ತದೆ?

ಇಷ್ಟಾದರೂ ಟಿವಿ ಇನ್‌ಪುಟ್‌ನಲ್ಲಿ ಒಂದು ಎಳೆ ಉಳಿದಿತ್ತು. ಡಿಶ್‌ನ ಕೋಆಕ್ಸಿಯಲ್ ಕಿತ್ತರೆ ಮಾಯ. ಟಿವಿಯಿಂದ ಡ್ಯಾಕ್‌ಗೆ ತಾಮ್ರದ ಕೇಬಲ್ ತೆಗೆದು ಬೆಳಕಿನಲ್ಲಿ ಸಿಗ್ನಲ್ ಒಯ್ಯುವ ಆಪ್ಟಿಕಲ್ ಹಾಕಿದೆ, 300 ರೂಪಾಯಿ. ಮುಗಿಯಿತು. ಫ್ಯಾನ್ ಹಾಕಿದಾಗ ಬರುತ್ತಿದ್ದ ಕರಕರ ಹಳೇ ಡಿಮ್ಮರ್ ಥರದ ರೆಗ್ಯುಲೇಟರಿನದು. ಕೆಪಾಸಿಟರ್ ಇರುವ ಸ್ಟೆಪ್ ರೆಗ್ಯುಲೇಟರ್ ಹಾಕಿದೆ, ಅದೂ ಹೋಯಿತು.

ಕೊನೆಗೆ ಉಳಿದಿದ್ದು ಸ್ಪೀಕರಿನಲ್ಲಲ್ಲ, ಟ್ರಾನ್ಸ್‌ಫಾರ್ಮರಿನ ಒಳಗೇ. ಕೆಲವು ದಿನ ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ಟೊರಾಯ್ಡ್ ಗೊರ್ ಅನ್ನುತ್ತಿತ್ತು. ವಾರಗಟ್ಟಲೆ ಟೈಮ್ ಬರೆದಿಟ್ಟೆ. ಮಗಳು ಕೂದಲು ಒಣಗಿಸುವ ಹೊತ್ತು ಅದು. ಹೇರ್ ಡ್ರೈಯರ್ ಕಡಿಮೆ ಬಿಸಿಗೆ ಇಟ್ಟಾಗ ಅರ್ಧ ಅಲೆಯನ್ನಷ್ಟೇ ಎಳೆಯುತ್ತದೆ, ಲೈನಿನಲ್ಲಿ ಡಿಸಿ ಸೇರಿಕೊಳ್ಳುತ್ತದೆ, ಟೊರಾಯ್ಡ್ ಅದನ್ನು ತಾಳಿಕೊಳ್ಳುವುದಿಲ್ಲ. ಬೆಂಗಳೂರಿನ ಎಸ್‌ಪಿ ರೋಡಿನಿಂದ ಬ್ರಿಡ್ಜ್ ರೆಕ್ಟಿಫೈಯರ್, ಕೆಪಾಸಿಟರ್ ತಂದು ಡಿಸಿ ಬ್ಲಾಕರ್ ಕಟ್ಟಿದೆ, 1,200 ಖರ್ಚು. ಲೋಹದ ಡಬ್ಬ, ಡಬ್ಬಕ್ಕೆ ಅರ್ಥ್. ವ್ಯಾಲ್ಯೂಗಳನ್ನು ಇಲ್ಲಿ ಬರೆಯುವುದಿಲ್ಲ. ಮೂರು ಸಲ ಬದಲಾಯಿಸಿ ಪಡೆದದ್ದು ಅದು, ಮತ್ತೆ ಮೇನ್ಸ್ ಕೆಲಸ ಓದಿಕೊಂಡು ಮಾಡುವಂಥದ್ದಲ್ಲ. ಕಟ್ಟಿ ಅಭ್ಯಾಸ ಇರುವವರು ಮನೆಗೆ ಬಂದರೆ ಡಬ್ಬ ಬಿಚ್ಚಿ ತೋರಿಸುತ್ತೇನೆ.

ಯುಎಸ್‌ಬಿ ಇಂಟರ್‌ಫೇಸ್ ಹಾಕಿ ಆರ್‌ಇಡಬ್ಲ್ಯು ಅನ್ನುವ ಸೌಂಡ್ ಅಳೆಯುವ ಸಾಫ್ಟ್‌ವೇರಿನಲ್ಲಿ ಮೊದಲೂ ಕೊನೆಗೂ ನೋಡಿದ್ದೇನೆ. 50 ಹರ್ಟ್ಸ್‌ನ ಮೊನೆ ಮೊದಲು ಮೈನಸ್ 68 ಡೆಸಿಬೆಲ್ ಸುತ್ತ ಇತ್ತು, ಈಗ ಮೈನಸ್ 90ರ ಕೆಳಗೆ. 100ರದ್ದು ನಾಯ್ಸ್‌ನಲ್ಲೇ ಮುಳುಗಿದೆ. ಗುಂಡಿಯಿಂದ ಡಿಸಿ ಬ್ಲಾಕರ್‌ವರೆಗೆ ಒಟ್ಟು ಖರ್ಚು 20,000 ಚಿಲ್ಲರೆ. ಫೋನೋ ಸ್ಟೇಜನ್ನು 12 ವೋಲ್ಟ್ ಬ್ಯಾಟರಿಯಲ್ಲೂ ಓಡಿಸಿ ನೋಡಿದೆ. ಅರ್ಥಿಂಗ್‌ಗೆ ಮುಂಚೆ ಬ್ಯಾಟರಿಯಲ್ಲಿ ಸ್ವರ್ಗ ಅನಿಸುತ್ತಿತ್ತು, ಈಗ ಎರಡಕ್ಕೂ ವ್ಯತ್ಯಾಸವೇ ಸಿಗುತ್ತಿಲ್ಲ.

ಆ ತಂಬೂರಿಯ ಎಲ್‌ಪಿ ಹಾಕಿದ ರಾತ್ರಿ ಮನೆಯವರೂ ಬಂದು ಕೂತರು. ಪಂಚಮ ಒಂದೇ ಎಳೆಯಾಗಿ ನಿಂತಿತು. ಸಾ ಮೀಟಿದ ಮೇಲೆ ಮೇಲಿನ ಗಾಂಧಾರ ತಾನಾಗಿ ಮೂಡುವುದು ನಮ್ಮ ಹಾಲಿನಲ್ಲಿ ಮೊದಲ ಸಲ ಕೇಳಿಸಿತು. ಆ ಎಲ್‌ಪಿ ನನ್ನ ಹತ್ತಿರ ಆರು ವರ್ಷದಿಂದ ಇದೆ.

ಹಿರಿಯ ಗೆಳೆಯರು ಕಳೆದ ತಿಂಗಳು ಬಂದಿದ್ದರು. ತಮ್ಮ ಕಾರ್ಡನ್ನೂ ತಂದಿದ್ದರು. ಹಾಕಿ ಕೇಳಿದರು, ತೆಗೆದು ಕೇಳಿದರು, ಆಮೇಲೆ ಬ್ಯಾಗಿಗೆ ಹಾಕಿಕೊಂಡು "ನಿಮ್ಮ ಗುಂಡಿ ತೋರಿಸಿ" ಅಂದರು. ಅವರದ್ದು ಅಪಾರ್ಟ್‌ಮೆಂಟು, ನಾಲ್ಕನೇ ಮಹಡಿ. ಅಲ್ಲಿ ಫೇಸ್-ಅರ್ಥ್ 190 ತೋರಿಸುತ್ತಿದೆಯಂತೆ. ಮುಂದಿನ ಭಾನುವಾರ ಟೆಸ್ಟ್ ಲ್ಯಾಂಪ್ ತೆಗೆದುಕೊಂಡು ಹೋಗುತ್ತಿದ್ದೇನೆ.