ಕರಿಮದ್ದು ಹೊಡೆದ ಬಂದೂಕಿಗೆ ಮೊದ್ಲು ನೀರು, ಆಮೇಲೆ ಎಣ್ಣೆ

ಕೌಬಾಯ್ ಆಕ್ಷನ್ ಶೂಟಿಂಗ್‌ಗೆ ಹೋಗ್ತೀನಿ ಅಂದ್ರೆ ಇಲ್ಲಿ ಹ್ಯೂಸ್ಟನ್‌ನಲ್ಲಿ ನಮ್ಮೋರು ಕೇಳೋ ಮೊದಲ್ನೇ ಪ್ರಶ್ನೆ ಟೋಪಿ ಬಗ್ಗೆ, ಎರಡ್ನೇದು ಕುದುರೆ ಎಲ್ಲಿ ಕಟ್ತೀರಾ ಅಂತ. ಟೋಪಿ ಇದೆ, ಕುದುರೆ ಇಲ್ಲ. ಕುದುರೆ ಮೇಲಿಂದ ಬ್ಲಾಂಕ್ ತೋಟಾದಲ್ಲಿ (ಗುಂಡಿಲ್ಲದ, ಬರೀ ಮದ್ದಿನ ತೋಟಾ) ಬಲೂನ್ ಒಡೆಯೋದು ಬೇರೇನೇ ಆಟ, ನಮ್ದು ನೆಲದ ಮೇಲೆ ನಿಂತು ಓಡಾಡ್ಕೊಂಡು ಕಬ್ಬಿಣದ ಪ್ಲೇಟಿಗೆ ಹೊಡೆಯೋದು. ಮನೆಗೆ ಬಂದ್ಮೇಲೆ ಆ ಬಂದೂಕುಗಳಿಗೆ ಏನ್ ಮಾಡ್ತೀರಾ ಅಂತ ಮಾತ್ರ ಯಾರೂ ಕೇಳಲ್ಲ, ನನ್ನ ಹತ್ರ ಹೇಳೋಕೆ ಇರೋದು ಹೆಚ್ಚುಕಮ್ಮಿ ಅದೊಂದೇ.

ಗೊತ್ತಿಲ್ದೇ ಇರೋರಿಗೆ ಚುಟುಕಾಗಿ ಹೇಳ್ಬಿಡ್ತೀನಿ. 1980ರ ದಶಕದ ಶುರುವಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಆಟ ಇದು, ಇದರ ದೊಡ್ಡ ಪಂದ್ಯ ಎಂಡ್ ಆಫ್ ಟ್ರೇಲ್ ಮೊದಲ ಸಲ ಆಗಿದ್ದು 1982ರಲ್ಲಿ, ಈ ಆಟದ ಸಂಘ ಸಿಂಗಲ್ ಆಕ್ಷನ್ ಶೂಟಿಂಗ್ ಸೊಸೈಟಿ, ಎಲ್ರೂ ಸಾಸ್ ಅಂತಾರೆ, ಅದು ಹುಟ್ಟಿದ್ದು 1987ರಲ್ಲಿ. ಒಬ್ಬೊಬ್ರ ಹತ್ರ ನಾಲ್ಕು ಬಂದೂಕು ಇರ್ಬೇಕು: ಎರಡು ಸಿಂಗಲ್ ಆಕ್ಷನ್ ರಿವಾಲ್ವರ್ (ಪ್ರತಿ ಈಡಿಗೂ ಹಿಂದಿನ ಹ್ಯಾಮರ್ ಕೈಯಿಂದ ಎಳೀಬೇಕಾದ್ದು), ಪಿಸ್ತೂಲಿನ ತೋಟಾನೇ ಹಾಕೋ ಒಂದು ಲಿವರ್ ರೈಫಲ್ (ಕೆಳಗಿನ ಹಿಡಿ ಆಡ್ಸಿ ಮುಂದಿನ ತೋಟಾ ಏರ್ಸೋದು), ಒಂದು ಹಳೇ ಮಾದರಿ ಶಾಟ್‌ಗನ್. ಸಾಮಾನ್ಯವಾಗಿ ಒಂದು ಸ್ಟೇಜಲ್ಲಿ (ಮ್ಯಾಚಿನ ಒಂದು ಸುತ್ತು) ರಿವಾಲ್ವರ್‌ದು 10, ರೈಫಲ್‌ದು 10, ಶಾಟ್‌ಗನ್‌ದು ನಾಲ್ಕೋ ಆರೋ ಈಡು. ಟೈಮರ್ ಬೀಪ್ ಅಂದ ಕೂಡ್ಲೇ ಶುರು, ಪ್ಲೇಟ್ ತಪ್ಪಿದ್ರೆ ಒಂದೊಂದಕ್ಕೆ 5 ಸೆಕೆಂಡ್ ದಂಡ. ವೇಷ ಕಡ್ಡಾಯ, ಅಡ್ಡಹೆಸರು ಕಡ್ಡಾಯ. ಗುಂಡು ಬರೀ ಸೀಸದ್ದು, ಮೇಲೆ ತಾಮ್ರದ ಹೊದಿಕೆ ಇರೋದು ಬಿಡಲ್ಲ, ಯಾಕಂದ್ರೆ ಪ್ಲೇಟುಗಳು ಹತ್ರ ಇರ್ತವೆ, ಚೂರು ವಾಪಸ್ ಹಾರಿ ಬರುತ್ತೆ.

ನಾನು ಸೋಮವಾರಪೇಟೆ ಕಡೆಯವನು. ಅಜ್ಜನ ಮನೇಲಿ ಒಂದು ಜೋಡಿನಳಿಗೆ 12 ಬೋರ್ ಕೋವಿ ಇತ್ತು, ಕೊಡಗಲ್ಲಿ ಇದೇನು ವಿಶೇಷ ಅಲ್ಲ, ಕೊಡವರಿಗೆ ಮತ್ತೆ ಜಮ್ಮಾ ಹಿಡುವಳಿ (ಕೊಡಗಿನ ವಂಶಪಾರಂಪರ್ಯದ ಜಮೀನು) ಇರೋರಿಗೆ ಲೈಸೆನ್ಸ್ ವಿನಾಯ್ತಿ ಬ್ರಿಟಿಷರ ಕಾಲದಿಂದ ಬಂದಿರೋದು ಎಲ್ರಿಗೂ ಗೊತ್ತಿರೋದೇ. ಸೆಪ್ಟೆಂಬರ್‌ನಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿ ಉಜ್ಜಿ ನಳಿಗೆ ತುದಿಗೆ ತೋಕ್ ಪೂ ಅನ್ನೋ ಹೂವು ಸಿಕ್ಕಿಸಿ ಇಡೋದನ್ನ ನೋಡ್ಕೊಂಡೇ ಬೆಳೆದೋನಿಗೆ ಟೆಕ್ಸಸ್ ಹಳ್ಳಿ ರೇಂಜಲ್ಲಿ ವಯಸ್ಸಾದೋರು ಕುರ್ಚಿ ಹಾಕ್ಕೊಂಡು ಬಂದೂಕು ಒರೆಸ್ತಾ ಕೂತಿರೋದು ಅಷ್ಟೇನು ಹೊಸದು ಅನ್ನಿಸ್ಲಿಲ್ಲ.

ಈಗ ವಿಷ್ಯಕ್ಕೆ ಬರ್ತೀನಿ. ಜಾಸ್ತಿ ಜನ ಹೊಡೆಯೋದು ಸ್ಮೋಕ್‌ಲೆಸ್ ಪೌಡರ್, ಅಂದ್ರೆ ಹೊಗೆ ಕಮ್ಮಿ ಬರೋ ಈಗಿನ ಮದ್ದು, 38 ಸ್ಪೆಷಲ್ ತೋಟಾ, ಕ್ಲೀನ್ ಮಾಡ್ದೇ ನಾಲ್ಕು ಮ್ಯಾಚ್ ಹೋದ್ರೂ ನಡಿಯುತ್ತೆ. ನಾನು ಇರೋದು ಫ್ರಾಂಟಿಯರ್ ಕಾರ್ಟ್ರಿಜ್ ಅನ್ನೋ ವಿಭಾಗದಲ್ಲಿ, ಇಲ್ಲಿ ನಾಲ್ಕೂ ಬಂದೂಕಿಗೆ ಕರಿಮದ್ದು ಇಲ್ಲಾಂದ್ರೆ ಅದರ ಬದಲಿ ಮದ್ದೇ ಆಗ್ಬೇಕು. ಕರಿಮದ್ದು ಅಂದ್ರೆ ಪೆಟ್ಲುಪ್ಪು ನೂರಕ್ಕೆ 75, ಇದ್ದಿಲು 15, ಗಂಧಕ 10, ಹೆಚ್ಚುಕಮ್ಮಿ ಇದೇ ಲೆಕ್ಕ ಇನ್ನೂರು ವರ್ಷದಿಂದ. ಇದು ಉರಿದಾಗ ಅರ್ಧಕ್ಕಿಂತ ಜಾಸ್ತಿ ಗ್ಯಾಸ್ ಆಗಲ್ಲ, ಘನವಸ್ತುವಾಗೇ ಉಳಿಯುತ್ತೆ, ಅದೇ ಆ ಬಿಳೀ ಹೊಗೆ, ಅದೇ ನಳಿಗೆ ಒಳಗಿನ ಮಸಿ. ಆ ಮಸೀಲಿ ಪೊಟ್ಯಾಸಿಯಂ ಕಾರ್ಬೊನೇಟು ಸಲ್ಫೇಟು ಅಂತ ಉಪ್ಪುಗಳೇ ಜಾಸ್ತಿ, ಗಾಳಿಯಿಂದ ತೇವ ಎಳ್ಕೊಳ್ಳುತ್ತೆ, ತುಕ್ಕು ಹಿಡಿಸುತ್ತೆ. ಕರಿಮದ್ದು ಬಂದೂಕು ತಿಂದುಹಾಕುತ್ತೆ ಅಂತ ಹೆದರ್ಸೋರು ಹೇಳೋದು ಇದನ್ನೇ.

ಆದ್ರೆ ಉಪ್ಪು ಅಂದ್ಮೇಲೆ ಅದು ಕರಗೋದು ನೀರಲ್ಲಿ ತಾನೇ? ಅಂಗಡೀಲಿ ಸಿಗೋ ಘಾಟು ವಾಸನೆ ಪೆಟ್ರೋಲಿಯಂ ಸಾಲ್ವೆಂಟ್ ಎಷ್ಟು ಸುರಿದ್ರೂ ಉಪ್ಪು ಕರಗಲ್ಲ, ಮಸಿ ಜೊತೆ ಸೇರ್ಕೊಂಡು ಡಾಂಬರ್ ಆಗುತ್ತೆ, ಮೇಲೆ ಹೊಳಪು ಕಾಣ್ಸುತ್ತೆ, ಕೆಳಗೆ ತುಕ್ಕು ತನ್ನ ಪಾಡಿಗೆ ತಿಂತಾ ಇರುತ್ತೆ. ಬಂದೂಕಿಗೆ ನೀರು ಹಾಕೋದಾ ಅಂತ ಬೆಚ್ಚಿ ಬೀಳ್ತಾರೆ ಹೊಸಬ್ರು. ಹೌದು, ನೀರು, ಧಾರಾಳವಾಗಿ. ನನ್ನ ಪ್ರಕಾರ ಕರಿಮದ್ದಿನ ಬಂದೂಕು ಕ್ಲೀನ್ ಮಾಡೋದು ಸ್ಮೋಕ್‌ಲೆಸ್‌ಗಿಂತ ಸುಲಭ, ಸಾಲ್ವೆಂಟ್ ವಾಸನೆ ಇಲ್ಲ, ಆದ್ರೆ ಅವತ್ತೇ ಮಾಡ್ಬೇಕು, ನಾಳೆಗೆ ಅಂತ ಇಡೋಹಾಗಿಲ್ಲ, ಅದ್ರಲ್ಲೂ ಹ್ಯೂಸ್ಟನ್ ಸೆಖೆಗೆ.

ಕ್ಲೀನಿಂಗ್ ಅರ್ಧ ಸುಲಭ ಆಗೋದು ಬಂದೂಕು ತಗೊಳ್ಳೋವಾಗಲೇ. ನಂದು ಇಟಲಿಯ ಊಬರ್ಟಿ ಮಾಡೋ 1873 ವಿಂಚೆಸ್ಟರ್ ರೆಪ್ಲಿಕಾ, ತೋಟಾ 44-40. ಎಲ್ರೂ 45 ಕೋಲ್ಟ್ ತಗೋ ಅಂದ್ರು, ಹೆಸರಿಗೆ ತೂಕ ಇದೆ, ಖಾಲಿ ಕೇಸೂ (ತೋಟಾದ ಹಿತ್ತಾಳೆ ಕೊಳವೆ) ಸುಲಭವಾಗಿ ಸಿಗುತ್ತೆ. ಆದ್ರೆ 45 ಕೋಲ್ಟ್ ಹಿತ್ತಾಳೆ ಬಾಯಿ ಹತ್ರ ದಪ್ಪ, ಕಡಿಮೆ ಒತ್ತಡದಲ್ಲಿ ಅದು ಹಿಗ್ಗಿ ಚೇಂಬರಿಗೆ (ತೋಟಾ ಕೂರೋ ಗೂಡು) ಅಂಟ್ಕೊಳ್ಳಲ್ಲ, ಗ್ಯಾಸು ಮಸಿ ಎಲ್ಲ ಸಂದಿಯಿಂದ ಹಿಂದಕ್ಕೆ ಬಂದು ರೈಫಲ್ ಹೊಟ್ಟೆ ತುಂಬ್ಕೊಳ್ಳುತ್ತೆ. 44-40 ಬಾಯಿ ತೆಳ್ಳಗೆ, ಈಡು ಹಾರಿದ ಕ್ಷಣ ಹಿಗ್ಗಿ ಮುಚ್ಕೊಂಡುಬಿಡುತ್ತೆ. ಆರು ಸ್ಟೇಜ್ ಹೊಡೆದು ಬಂದು ಸೈಡ್‌ಪ್ಲೇಟ್ ಬಿಚ್ಚಿದ್ರೆ ಒಳಗಿನ ಟಾಗಲ್ ಲಿಂಕು, ತೋಟಾ ಮೇಲೆತ್ತೋ ಹಿತ್ತಾಳೆ ಕ್ಯಾರಿಯರ್ ಬ್ಲಾಕು ಬೆಳಿಗ್ಗೆ ಇದ್ದಹಾಗೇ ಇರ್ತವೆ. ಲೋಡ್ ಮಾಡೋವಾಗ ಆ ತೆಳ್ಳಗಿನ ಬಾಯಿ ಸ್ವಲ್ಪ ತಾಗಿದ್ರೂ ಸೊಟ್ಟ ಆಗುತ್ತೆ ನಿಜ, ನಿಧಾನ ಮಾಡ್ಬೇಕು, ಆದ್ರೂ ಲಾಭ ಜಾಸ್ತಿ.

ರೈಫಲ್ ತೊಳೆಯೋದಕ್ಕೆ ನನ್ನ ಕ್ರಮ ಹೀಗೆ. 73ರ ನಳಿಗೆಗೆ ಹಿಂದಿನಿಂದ ರಾಡ್ ಹಾಕೋಕಾಗಲ್ಲ, ಮುಂದಿನಿಂದ್ಲೇ ಆಗ್ಬೇಕು, ಮುಂದಿನಿಂದ ನೀರು ಸುರಿದ್ರೆ ಕೊಚ್ಚೆ ಎಲ್ಲ ಆಕ್ಷನ್, ಅಂದ್ರೆ ತೋಟಾ ಆಡಿಸೋ ಭಾಗಗಳ ಒಳಗೆ ಇಳಿಯುತ್ತೆ. ಅದಕ್ಕೆ ಹೊಡೆದಿರೋ ಖಾಲಿ ಕೇಸ್ ಒಂದನ್ನ ಚೇಂಬರಲ್ಲಿ ಬಿಟ್ಟು ಲಿವರ್ ಮುಚ್ಚಿಡ್ತೀನಿ, ಹಿತ್ತಾಳೆ ಬಿರಡೆ ಆಯ್ತು. ಮೂತಿ ಮೇಲೆ ಮಾಡಿ ಬಿಸಿನೀರಿಗೆ ಎರಡು ಹನಿ ಪಾತ್ರೆ ಸೋಪು ಹಾಕಿದ್ದನ್ನ ಸುರಿದು, ಹೆಬ್ಬೆರಳಲ್ಲಿ ಮುಚ್ಚಿ ನಾಲ್ಕು ಸಲ ಅಲ್ಲಾಡಿಸಿ ಬಗ್ಗಿಸಿದ್ರೆ ಮೊದಲ್ನೇ ನೀರು ಕಪ್ಪಗೆ, ಕೊಳೆತ ಮೊಟ್ಟೆ ವಾಸನೆ ಹೊಡ್ಕೊಂಡು ಬರುತ್ತೆ, ಅದು ಗಂಧಕ. ಎರಡ್ನೇದು ಬೂದು ಬಣ್ಣ, ಮೂರ್ನೇದು ತಿಳಿ. ಆಮೇಲೆ ಬಟ್ಟೆ ತುಂಡು ಓಡ್ಸಿ ಒಣಗಿಸಿ ಬ್ಯಾಲಿಸ್ಟಾಲ್ ಹಚ್ಚೋದು. ಬ್ಯಾಲಿಸ್ಟಾಲ್ ಜರ್ಮನಿಯ ಹಳೇ ಎಣ್ಣೆ, ನೀರಿನ ಜೊತೆ ಬೆರೆಯುತ್ತೆ, ಅದೇ ಅದರ ಗುಣ. ಹತ್ತು ಪಾಲು ನೀರಿಗೆ ಒಂದು ಪಾಲು ಹಾಕಿ ಕುಲುಕಿದ್ರೆ ನೀರು ಮಜ್ಜಿಗೆ ತರ ಬೆಳ್ಳಗಾಗುತ್ತೆ, ಇಲ್ಲಿನೋರು ಮೂಸ್ ಮಿಲ್ಕ್ ಅಂತಾರೆ, ರೇಂಜಿಂದ ಹೊರಡೋ ಮುಂಚೆ ಎಲ್ಲದಕ್ಕೂ ಅದನ್ನ ಸ್ಪ್ರೇ ಮಾಡಿ ಬಿಟ್ರೆ ಮನೆ ಸೇರೋವರೆಗೂ ಧೈರ್ಯ. ನೀರು ಆರಿಹೋದ್ರೂ ಎಣ್ಣೆ ಹಿಂದೆ ಉಳಿಯುತ್ತೆ.

ರಿವಾಲ್ವರ್ ಇನ್ನೂ ಸರಳ. 1873ರ ಕೋಲ್ಟ್ ಮಾದರಿ, ಬೇಸ್ ಪಿನ್ ಎಳೆದ್ರೆ ಸಿಲಿಂಡರ್ (ತೋಟಾ ಹಾಕೋ ತಿರುಗೋ ಉರುಳೆ) ಕೈಗೆ ಬರುತ್ತೆ. ಮರದ ಹಿಡಿ ಬಿಚ್ಚಿಡ್ಬೇಕು, ವಾಲ್‌ನಟ್ ನೀರು ಕುಡಿದ್ರೆ ಊದ್ಕೊಳ್ಳುತ್ತೆ. ಉಳಿದಿದ್ದೆಲ್ಲ ಬಕೆಟ್‌ಗೆ. ಕುದಿಯೋ ನೀರೇ ಬೇಕು, ಲೋಹ ತಾನೇ ಒಣಗುತ್ತೆ ಅಂತ ಹಳಬ್ರು ಹೇಳ್ತಾರೆ, ನಾನು ಒಪ್ಪಲ್ಲ, ಅಷ್ಟು ಬಿಸಿ ಹಾಕಿದ್ರೆ ಒಣಗ್ತಾ ಒಣಗ್ತಾನೇ ಕೇಸರಿ ಬಣ್ಣದ ತೆಳು ತುಕ್ಕು ಎದ್ದುಬಿಡುತ್ತೆ. ಕೈ ತಡ್ಕೊಳ್ಳೋ ಬಿಸಿ ಸಾಕು, ಆಮೇಲೆ ಹೇರ್ ಡ್ರೈಯರ್. ಬೇಸ್ ಪಿನ್‌ಗೆ ಎಣ್ಣೆ ಸಾಲಲ್ಲ, ಗ್ರೀಸ್ ಬೇಕು, ಸಿಲಿಂಡರ್ ತಿರುಗದೇ ಕಚ್ಕೊಳ್ಳೋದು ಶುರುವಾಗೋದೇ ಅಲ್ಲಿಂದ. ಒಳಗಿನ ಲಾಕ್‌ವರ್ಕ್ ಪ್ರತೀಸಲ ಬಿಚ್ಚೋ ಹುಚ್ಚು ಬೇಡ, ಬಿಚ್ಚಿ ಬಿಚ್ಚಿ ಸ್ಕ್ರೂ ತಲೆ ಹಾಳಾಗೋದೇ ಜಾಸ್ತಿ. ಬಿಚ್ಚೋದೇ ಆದ್ರೆ ಗನ್‌ಸ್ಮಿತ್‌ಗಳು ಬಳಸೋ ಹಾಲೋ ಗ್ರೌಂಡ್ ಸ್ಕ್ರೂಡ್ರೈವರ್ ತಗೊಳ್ಳಿ, ಮನೆ ಟೂಲ್‌ಬಾಕ್ಸ್‌ದು ತುದಿ ಓರೆ ಇರುತ್ತೆ, ಜಾರಿ ಸೀಳಿಬಿಡುತ್ತೆ.

ಈ ಕೋಲ್ಟ್ ಮಾದರೀಲಿ ಮುರಿಯೋದು ಅಂದ್ರೆ ಚಪ್ಪಟೆ ಸ್ಪ್ರಿಂಗುಗಳು. ಬೋಲ್ಟಿಗೂ (ಸಿಲಿಂಡರ್ ತಡೆದು ನಿಲ್ಸೋ ತುಂಡು) ಟ್ರಿಗರಿಗೂ ಸೇರಿ ಒಂದೇ ಸ್ಪ್ರಿಂಗು, ಎರಡು ಬೆರಳು ಇರುತ್ತೆ ಅದಕ್ಕೆ. ಬೋಲ್ಟ್ ಕಡೆ ಬೆರಳು ಮುರಿದ್ರೆ ಸಿಲಿಂಡರ್ ನಿಲ್ಬೇಕಾದ ಕಡೆ ನಿಲ್ಲಲ್ಲ, ಮುಂದಕ್ಕೆ ಓಡುತ್ತೆ, ಹ್ಯಾಮರ್ ಎಳೆದಾಗ ಆ ಕ್ಲಿಕ್ ಸದ್ದು ಬದಲಾಗಿರೋದು ಕಿವಿಗೇ ಗೊತ್ತಾಗುತ್ತೆ. ತಂತಿ ಸ್ಪ್ರಿಂಗ್ ಹಾಕ್ಸಿದ್ರೆ ಆ ತಲೆನೋವು ಹೋಯ್ತು, ಅಗ್ಗ ಕೂಡ, ನಾನು ಎರಡಕ್ಕೂ ಅದನ್ನೇ ಹಾಕ್ಸಿದೀನಿ. ಆರು ಚೇಂಬರ್ ಇದ್ರೂ ಹಾಕೋದು ಐದೇ ತೋಟಾ. ಹಳೇ ಕೋಲ್ಟಲ್ಲಿ ಫೈರಿಂಗ್ ಪಿನ್ ಹ್ಯಾಮರಲ್ಲೇ ಇರೋದು, ತೋಟಾ ಮೇಲೆ ಕೂತಿದ್ದಾಗ ಬಂದೂಕು ಬಿದ್ರೆ ಹಾರುತ್ತೆ. ಒಂದು ಹಾಕು, ಒಂದು ಬಿಡು, ನಾಲ್ಕು ಹಾಕು, ಹ್ಯಾಮರ್ ಪೂರ್ತಿ ಎಳೆದು ಮೆಲ್ಲಗೆ ಇಳಿಸು, ಖಾಲಿ ಚೇಂಬರ್ ಮೇಲೇ ಬಂದು ಕೂರುತ್ತೆ. ಬಿದ್ರೂ ಹಾರದ ಹಾಗೆ ತಡೆಯೋ ಟ್ರಾನ್ಸ್‌ಫರ್ ಬಾರ್ ಇರೋ ರೂಗರ್ ರಿವಾಲ್ವರ್‌ಗೂ ಮ್ಯಾಚಲ್ಲಿ ಇದೇ ರೂಲು. ಲೋಡಾಗಿರೋ ಬಂದೂಕು ಕೈ ಜಾರಿ ಬಿದ್ರೆ ಮ್ಯಾಚಿಂದಲೇ ಔಟ್.

ಇನ್ನು ಜಿಡ್ಡು. ಕರಿಮದ್ದಿಗೆ ಗುಂಡಿನ ಮೇಲೆ ಮೆತ್ತಗಿನ ಜಿಡ್ಡು ತುಂಬಾ ಬೇಕು, ಮಸಿ ಗಟ್ಟಿ ಆಗ್ದೇ ಇರೋದಕ್ಕೆ. ಅಂಗಡೀಲಿ ಸಿಗೋ ಗುಂಡಿನ ಗಟ್ಟಿ ನೀಲಿ ಮೇಣ ಸ್ಮೋಕ್‌ಲೆಸ್‌ಗೆ ಮಾಡಿದ್ದು, ಇಲ್ಲಿ ಬೇಡ. ನಾನು ಜೇನುಮೇಣ, ಕುರಿಕೊಬ್ಬು ಕರಗಿಸಿ ಮಾಡ್ಕೋತೀನಿ, ಗ್ಯಾರೇಜಲ್ಲಿ. 1857ರಲ್ಲಿ ಗಲಾಟೆ ಎದ್ದ ಎನ್‌ಫೀಲ್ಡ್ ತೋಟಾಕ್ಕೆ ಕೊಬ್ಬು ಯಾಕೆ ಹಚ್ತಿದ್ರು ಅಂತ ಸ್ಕೂಲಲ್ಲಿ ಯಾವ ಮೇಷ್ಟ್ರೂ ಹೇಳ್ಲಿಲ್ಲ, ನಳಿಗೇಲಿ ಗುಂಡು ಮಸಿಗೆ ಸಿಕ್ಕಿ ಕಚ್ಕೊಳ್ದೇ ಸಲೀಸಾಗಿ ಇಳೀಲಿ ಅಂತ, ಹೆಚ್ಚುಕಮ್ಮಿ ಇದೇ ಕಾರಣ. ಊರಿನ ಹವಾಮಾನ ನೋಡ್ಕೊಂಡು ಜಿಡ್ಡು ಬದಲಾಯಿಸ್ಬೇಕು. ಹ್ಯೂಸ್ಟನ್‌ನಲ್ಲಿ ಮಸಿ ಮೆತ್ತಗೇ ಇರುತ್ತೆ, ತುಕ್ಕಿನ ಭಯ ಅಷ್ಟೇ, ಕೊಡಗಿನ ಮಳೆಗಾಲದಲ್ಲಿ ಕೋವಿ ಇಟ್ಟೋರಿಗೆ ಇದು ಅರ್ಥ ಆಗುತ್ತೆ. ಫೀನಿಕ್ಸ್‌ನ ಬೆನ್ ಏವರಿ ರೇಂಜಲ್ಲಿ ವಿಂಟರ್ ರೇಂಜ್ ಮ್ಯಾಚಿಗೆ ಹೋದ್ರೆ ಎಲ್ಲ ಉಲ್ಟಾ, ಒಣ ಗಾಳಿಗೆ ಮಸಿ ಗಾರೆ ಕಟ್ಟುತ್ತೆ, ಸಿಲಿಂಡರ್ ಎಳೆದಾಗ ತೂಕ ಅನ್ನಿಸುತ್ತೆ, ಸ್ಟೇಜ್ ಸ್ಟೇಜಿಗೂ ಸಿಲಿಂಡರ್ ಮುಂಭಾಗ ಒದ್ದೆ ಬಟ್ಟೇಲಿ ಒರೆಸ್ಬೇಕು.

ಶಾಟ್‌ಗನ್ ಬಗ್ಗೆ ಜಾಸ್ತಿ ಇಲ್ಲ. ಜೋಡಿನಳಿಗೆ, ಹೊರಗೆ ಹ್ಯಾಮರ್ ಇರೋದು. ಮದ್ದಿಗೂ ಚರೆಗೂ ಮಧ್ಯೆ ಪ್ಲಾಸ್ಟಿಕ್ ವ್ಯಾಡ್ (ಬಿಲ್ಲೆ) ಹಾಕಿದ್ರೆ ಕರಿಮದ್ದಿನ ಬಿಸಿಗೆ ಕರಗಿ ನಳಿಗೇಲಿ ಹಪ್ಪಳ ಹಪ್ಪಳ ಅಂಟುತ್ತೆ, ನಾರಿನ ವ್ಯಾಡೇ ಸರಿ. ಚೇಂಬರ್ ಒರೆಸಿಟ್ರೆ ಖಾಲಿ ತೋಟಾ ತಾನಾಗೇ ಜಾರಿ ಬೀಳುತ್ತೆ, ಉಗುರಲ್ಲಿ ಕೀಳೋಕೆ ಹೋದ್ರೆ ಎರಡು ಸೆಕೆಂಡ್ ಹೋಯ್ತು.

ಹೊಡೆಯೋವಾಗ ಕರಿಮದ್ದಿನ ಕಷ್ಟ ಹಿಮ್ಮೆಟ್ಟು ಅಲ್ಲ, ಹೊಗೆ. ಗಾಳಿ ಇಲ್ದಿರೋ ದಿನ ಎರಡು ಈಡಿಗೆ ಪ್ಲೇಟೇ ಮಾಯ, ಟಣ್ ಅಂದ ಸದ್ದು ಕೇಳಿ ಮುಂದಿನ ಜಾಗಕ್ಕೆ ನೆನಪಿನ ಮೇಲೆ ತಿರುಗ್ಸೋದು. ಎಡದಿಂದ್ಲಾ ಬಲದಿಂದ್ಲಾ ಅನ್ನೋ ಆಯ್ಕೆ ಇದ್ದಾಗ ಗಾಳಿ ಯಾವ ಕಡೆ ಹೋಗ್ತಿದೆಯೋ ಆ ಕಡೆ ಕೊನೇ ಪ್ಲೇಟಿಂದ ಶುರು ಮಾಡ್ತೀನಿ, ಹೊಗೆ ಹೊಡೆದು ಮುಗಿದಿರೋ ಕಡೆಗೇ ಹೋಗ್ಲಿ ಅಂತ. ತಪ್ಪು ಎಣ್ಸೋ ಮೂರು ಜನ ಸ್ಪಾಟರ್‌ಗಳೂ ಆಗ ಬಗ್ಗಿ ಇಣುಕ್ತಾ ಓಡಾಡ್ತಿರ್ತಾರೆ, ಬೈಕೊಂಡೇ.

ಖಾಲಿ ಹಿತ್ತಾಳೆ ಕೇಸುಗಳನ್ನ ರೇಂಜಲ್ಲೇ ಸೋಪುನೀರಿನ ಡಬ್ಬಕ್ಕೆ ಹಾಕ್ಬಿಡಿ, ಇಲ್ಲಾಂದ್ರೆ ಹಸಿರು ಕಿಲುಬು ಹಿಡಿಯುತ್ತೆ. ಮತ್ತೆ ತುಂಬೋವಾಗ ಕೇಸ್ ಒಳಗೆ ಮದ್ದು ಗುಂಡಿನ ಮಧ್ಯೆ ಗಾಳಿ ಜಾಗ ಉಳೀಬಾರ್ದು, ಕರಿಮದ್ದಿನಲ್ಲಿ ಇದು ಕಟ್ಟುನಿಟ್ಟು, ಪ್ರಮಾಣ ಮಾತ್ರ ಮ್ಯಾನ್ಯುಯಲ್ ನೋಡೇ ಹಾಕಿ. ಸ್ಮೋಕ್‌ಲೆಸ್ ಡಬ್ಬ ಅದೇ ಮೇಜಿನ ಮೇಲೆ ಬೇಡವೇ ಬೇಡ, ನಂದು ಬೇರೆ ಕಪಾಟಲ್ಲಿ ಇರುತ್ತೆ. ತೊಳೆದಿಟ್ಟ ಮಾರನೇ ದಿನ ಎಲ್ಲ ನಳಿಗೆಗೂ ಒಂದೊಂದು ಬಿಳೀ ಬಟ್ಟೆ ಓಡ್ಸಿ ನೋಡ್ತೀನಿ, ಕಂದು ಬಣ್ಣ ಬಂದ್ರೆ ಇನ್ನೊಂದು ಸಲ ನೀರು, ಇನ್ನೊಂದು ಸಲ ಎಣ್ಣೆ.

ಆಸೆ ಆದೋರು ಮೊದ್ಲು ಒಂದು ಮ್ಯಾಚ್ ನೋಡೋಕೆ ಹೋಗಿ, ಕಣ್ಣಿಗೆ ಕನ್ನಡಕ ಕಿವಿಗೆ ಪ್ಲಗ್ ತಗೊಂಡು. ನಿಮ್ಮ ಹತ್ರ ಏನೂ ಇಲ್ಲ ಅಂದ್ರೂ ನಾಲ್ಕು ಜನ ತಮ್ಮ ಬಂದೂಕು ಕೊಡೋಕೆ ಮುಂದೆ ಬರ್ತಾರೆ, ಈ ಆಟದೋರು ಹಾಗೇ. ಆದ್ರೆ ಎಚ್-1ಬಿ ತರ ವೀಸಾದಲ್ಲಿ ಇರೋರು ಸ್ವಲ್ಪ ತಡೀರಿ, ಹಂಟಿಂಗ್ ಲೈಸೆನ್ಸ್‌ನಂಥ ಕೆಲವು ವಿನಾಯ್ತಿ ಬಿಟ್ರೆ ಫೆಡರಲ್ ಕಾನೂನಲ್ಲಿ ನಿಮಗೆ ಬಂದೂಕು, ತೋಟಾ ಎರಡೂ ಇಟ್ಕೊಳ್ಳೋ ಹಾಗಿಲ್ಲ, ಎರವಲು ತಗೊಂಡು ಕೈಯಲ್ಲಿ ಹಿಡಿಯೋದೂ ಅದಕ್ಕೇ ಸೇರಬಹುದು. ನಾನು ಗ್ರೀನ್ ಕಾರ್ಡ್ ಬರೋವರೆಗೂ ಮುಟ್ಲಿಲ್ಲ, ಸ್ಟೇಜ್ ಮುಗಿದ್ಮೇಲೆ ಬಿದ್ದಿರೋ ಖಾಲಿ ಕೇಸ್ ಆರಿಸಿ ಕೊಡ್ತಾ, ಕ್ಲೀನ್ ಮಾಡೋದು ನೋಡ್ತಾ ಇದ್ದೆ.