ಕಾಳಜಿ ಕೇಂದ್ರದ ಬಟ್ಟಲು: ಮನೆಯೂಟವನ್ನು ಬಟ್ಟೆಯ ಮೇಲೆ ಹೊಲಿಯುವ ಬಗೆ

ಯುರೋಪಿನ ಹಲವು ನಿರಾಶ್ರಿತರ ಕೇಂದ್ರಗಳಲ್ಲಿ ಜನರಿಗೆ ತಾವೇ ಅಡುಗೆ ಮಾಡಿಕೊಳ್ಳಲು ಅವಕಾಶವಿಲ್ಲ. ನೆರೆ ಬಂದಾಗ ಉಡುಪಿ, ಮಂಗಳೂರಿನ ಕಡೆ ತೆರೆಯುವ ಕಾಳಜಿ ಕೇಂದ್ರದಲ್ಲೂ ಊಟ ಸಿಗುತ್ತದೆ, ಸ್ವಂತ ಒಲೆ ಸಿಗುವುದಿಲ್ಲ. ಅಲ್ಲಿರುವವರ ಮನೆಯೂಟವನ್ನು ಅವರೊಂದಿಗೆ ಕೂತು ಬಟ್ಟೆಯ ಮೇಲೆ ಹೊಲಿಯುವ ಈ ಕೆಲಸ ಆ ಒಲೆಯ ಬಗ್ಗೆಯೇ.

20 ಜನರಿಗೆ 90 ಸೆಂ.ಮೀ. ಅಗಲದ ಕೋರಾ (ಬಿಳುಪು ಮಾಡದ ಹತ್ತಿ) ಬಟ್ಟೆ 5 ಮೀಟರ್ ಬೇಕು. ಮೊದಲು ಬಿಸಿನೀರಿನಲ್ಲಿ ಒಗೆದು ಒಣಗಿಸಿ. ಕೋರಾ ಬಟ್ಟೆ ಉದ್ದಕ್ಕೂ ಅಗಲಕ್ಕೂ ಒಂದೇ ಸಮ ಕುಗ್ಗುವುದಿಲ್ಲ; ಒಗೆಯದೆ ಹೊಲಿದರೆ ಬಟ್ಟಲಿನ (ಊಟದ ತಟ್ಟೆಯ) ಸುತ್ತ ಎಳೆಯುವ ವೃತ್ತ ಮುಂದೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. 42 ಸೆಂ.ಮೀ. ಚೌಕಗಳಾಗಿ ಕತ್ತರಿಸಿ, ಅಂಚು ಮಡಚಿ, ತೆಳು ಗಂಜಿ ಹಾಕಿ ಇಸ್ತ್ರಿ ಮಾಡಿ. ಬಟ್ಟೆ ಬಿರುಸಾದರೆ ಕಸೂತಿಯ ಚೌಕಟ್ಟು ಬೇಡ.

ಕೇಂದ್ರದ ಉಸ್ತುವಾರಿ ಅಧಿಕಾರಿಯ ಒಪ್ಪಿಗೆ ಪಡೆದು, ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ ಕೂರಿ. ಉಂಡ ಬಟ್ಟಲನ್ನೇ ಕವುಚಿ ಹಾಕಿ ಸುತ್ತ ದರ್ಜಿಯ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಪೆನ್ಸಿಲ್ ಬೇಡ, ಅದರ ಕಲೆ ಸುಲಭವಾಗಿ ಹೋಗುವುದಿಲ್ಲ.

ನೆರೆಯ ಬಗ್ಗೆ ಕೇಳಬೇಡಿ. "ಮನೆಯಲ್ಲಿದ್ದಿದ್ದರೆ ಇವತ್ತು ಏನು ಬೇಯಿಸುತ್ತಿದ್ದಿರಿ?" ಎಂದಷ್ಟೇ ಕೇಳಿ. ಕುಚ್ಚಲಕ್ಕಿ ಗಂಜಿ, ತಿಮರೆ (ಒಂದೆಲಗ) ಚಟ್ನಿ, ಹಲಸಿನ ಬೀಜದ ಪಲ್ಯ ಎನ್ನುತ್ತಾರೆ. ಘಟ್ಟದ ಮೇಲಿಂದ ದುಡಿಯಲು ಬಂದವರು ರೊಟ್ಟಿ ಎನ್ನಬಹುದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆ ನಿಷೇಧವಿರುವುದರಿಂದ ಒಣಮೀನು ಎನ್ನುವವರೂ ಇರುತ್ತಾರೆ. ಚಂದ ಕಾಣಲೆಂದು ಅಲ್ಲಿ ಹಸಿ ಬಂಗುಡೆ ಬಿಡಿಸಬೇಡಿ. ತುಳು, ಬ್ಯಾರಿ, ಕೊಂಕಣಿ ಮಾತು ಬಂದರೆ ಕನ್ನಡಕ್ಕೆ ತಿರುಗಿಸದೆ, ಕೇಳಿದ ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆಯಿರಿ. ಹೆಸರು, ಮುಖ ಬೇಡ.

ಮನೆಯ ಅಡುಗೆ ವೃತ್ತದ ಒಳಗೆ, ಅಂದು ಕೇಂದ್ರದಲ್ಲಿ ಬಡಿಸಿದ್ದು ಹೊರಗಿನ ಅಂಚಿನಲ್ಲಿ. 30 ಸೆಂ.ಮೀ. ಅಗಲದ ಬಟ್ಟಲಿನ ಸುತ್ತಳತೆ ಸುಮಾರು 94 ಸೆಂ.ಮೀ. ಸರಪಳಿ ಹೊಲಿಗೆಗೆ ನೂಲೂ ಹೊತ್ತೂ ಹೆಚ್ಚು ಬೇಕು, ಮಧ್ಯೆ ಮನೆಗೆ ಹೊರಡುವ ಕರೆ ಬಂದರೆ ಅರ್ಧಕ್ಕೇ ನಿಲ್ಲುತ್ತದೆ. ಸಾದಾ ಹೊಲಿಗೆಯೇ ಸರಿ: ಆರೆಳೆಯ ನೂಲನ್ನು ಮೂರೆಳೆ ಮಾಡಿ, ವೃತ್ತಕ್ಕೆ 2 ಮೀಟರ್ ಸಾಕು. ಮಳೆಗಾಲದಲ್ಲಿ ಬಟ್ಟೆಗೆ ಬಳಿಯುವ ಬಣ್ಣ ಬಳಸುವುದಕ್ಕೆ ನಮ್ಮ ಒಪ್ಪಿಗೆಯಿಲ್ಲ. ಬೇಗ ಒಣಗದು, ಒಂದರ ಮೇಲೊಂದು ಇಟ್ಟರೆ ಅಂಟುತ್ತದೆ. ಅರಿಶಿನವೂ ಬೇಡ, ಸೋಪು ತಾಗಿದರೆ ಕೆಂಪಾಗುತ್ತದೆ, ಬಿಸಿಲಿಗೆ ಮಾಸುತ್ತದೆ. ಊಟಕ್ಕೆ ಸಾಲಲ್ಲಿ ನಿಲ್ಲುವವರ ಎದುರು ಅಕ್ಕಿಬೇಳೆಯನ್ನು ಚಿತ್ರಕ್ಕೆ ಚೆಲ್ಲುವುದಂತೂ ಸಲ್ಲದು.

ಪ್ರದರ್ಶನದಲ್ಲಿ ಗೋಡೆಗೆ ತೂಗುಹಾಕದೆ ನೆಲದ ಮೇಲೆ ಪಂಕ್ತಿಯಾಗಿ ಹಾಸಿ, ಎದುರಿಗೊಂದು ಚಾಪೆ ಇಡಿ. ನೋಡುವವರು ಊಟಕ್ಕೆ ಕೂತ ಹಾಗೆ ಕೂರಲಿ. ಚೌಕಗಳನ್ನು ಕಚ್ಚಾ ಹೊಲಿಗೆಯಿಂದ ಮಾತ್ರ ಜೋಡಿಸಿ, ಮುಗಿದ ಮೇಲೆ ಬಿಚ್ಚಿ ಅವರವರಿಗೆ ಮರಳಿಸಬೇಕು. ಕೊಡುವ ಮುಂಚೆ ಗಂಜಿ ಹೋಗುವಂತೆ ಒಗೆಯಿರಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ.